ಐದು ದಿನ ಆರದ ಒಲೆ

ಆಲೂಗಡ್ಡೆ ಬೇಯುವ ವಾಸನೆ ಎಂದರೆ ಎನೆಲೆಸಿಗೆ ಚಿಕ್ಕಂದಿನಿಂದಲೂ ಮೋಸದ ವಾಸನೆ. ಲುವಾಂಗ್ವಾ ನದಿಯ ದಡದಲ್ಲಿ ಒಂದು ಬಗೆಯ ಪೊದೆ ಬೆಳೆಯುತ್ತದೆ. ಹೊತ್ತು ಇಳಿಯುತ್ತಿದ್ದಂತೆ ಅದರ ಹೂವು ಥೇಟ್ ಬೆಂದ ಆಲೂಗಡ್ಡೆಯಂತೆ ಘಮಗುಟ್ಟುತ್ತದೆ. ಕಣಜ ಬರಿದಾದ ತಿಂಗಳುಗಳಲ್ಲಿ ಆ ಘಮಕ್ಕೆ ಹಿಗ್ಗಿ ಅವಳು ಮನೆಗೆ ಓಡಿದರೆ, ಅವ್ವ ತಣ್ಣಗಿನ ಒಲೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದಳು.

ಈಗ ಅದೇ ಪೊದೆಗಳ ನಡುವೆ ದೂರದೇಶದ ಸಿರಿವಂತರು ಬಂದು ತಂಗುವ ಡೇರೆಗಳಿವೆ. ಒಂದೊಂದು ಡೇರೆಗೂ ನದಿಗೆ ಮುಖ ಮಾಡಿದ ಹಿತ್ತಾಳೆಯ ಸ್ನಾನದ ತೊಟ್ಟಿ, ಮಲಗಿದರೆ ಮುಳುಗಿಹೋಗುವಂಥ ಹಾಸಿಗೆ. ಎನೆಲೆಸಿ ಅಲ್ಲಿ ಬಟ್ಟೆ ಒಗೆಯುವವಳು. ಅವಳ ಗಂಡ ಯೋಬೆ ದೋಣಿಯವನು. ಅತಿಥಿಗಳು ಮರಳ ದಿಬ್ಬದ ಮೇಲೆ ಕುಳಿತು ತಿಂಡಿ ತಿನ್ನಲೆಂದು ಶುಕ್ರವಾರ ನಸುಕಿನಲ್ಲಿ ಮೇಜು, ಬಿಳಿ ಹಾಸು ಹೇರಿಕೊಂಡು ಹೋದ ಯೋಬೆ ಮರಳಿ ಬರಲಿಲ್ಲ. ದೋಣಿ ಮಗುಚಿದ್ದು ಸಿಕ್ಕಿತು. ಮೇಜೂ ಸಿಕ್ಕಿತು. ನೀರಾನೆ ಗುದ್ದಿರಬೇಕು ಎಂದರು.

"ಮಗುಚಿದ್ದು ದೋಣಿ, ಅವನಲ್ಲ," ಎಂದಳು ಎನೆಲೆಸಿ. ಹಿಂದೊಮ್ಮೆ ಪ್ರವಾಹದಲ್ಲಿ ಕೊಚ್ಚಿಹೋದವನು ಮೂರನೆಯ ದಿನ ಹಲ್ಲು ಕಿರಿಯುತ್ತ, "ಊಟಕ್ಕೇನಿದೆ?" ಎಂದು ಕೇಳುತ್ತಲೇ ಒಳಗೆ ಬಂದಿದ್ದ.

ಆ ಸೀಮೆಯಲ್ಲಿ ಸಾವಾದ ಮನೆಯ ಒಲೆ ಆರಿಸುತ್ತಾರೆ. ನೆರೆಯವರು ಬೇಯಿಸಿ ತಂದುಕೊಟ್ಟದ್ದನ್ನೇ ಮನೆಯವರು ಉಣ್ಣಬೇಕು. ಶನಿವಾರವೇ ಡೇರೆಗಳ ಹಿಂದಿನ ಆಳುಗಳ ಸಾಲುಮನೆಗೆ ಊರಿನ ಹೆಂಗಸರು ಗಡಿಗೆ ಹೊತ್ತು ಬಂದರು. ಎನೆಲೆಸಿ ಬಾಗಿಲಿಗೆ ಅಡ್ಡ ನಿಂತಳು.

"ಯಾರಿಗಮ್ಮಾ ಈ ಊಟ? ನನ್ನ ಮನೇಲಿ ಯಾರು ಸತ್ತಿದ್ದಾರೆ? ಒಲೆ ಉರೀತಿರೋದು ಕಣ್ಣಿಗೆ ಕಾಣಲ್ವಾ?"

ಗಡಿಗೆ ಹಾಗೆಯೇ ಹಿಂದಕ್ಕೆ ಹೋಯಿತು. ಹೋಗುವಾಗ ಅವರಲ್ಲೊಬ್ಬಳು, ತನ್ನ ಮನೆಗೆಂದು ಆರಿಸಿ ತಂದಿದ್ದ ಒಣ ಸೌದೆಯ ಹೊರೆಯನ್ನು ಸದ್ದಿಲ್ಲದೆ ಬಾಗಿಲ ಬಳಿ ಇಳಿಸಿ ಹೋದಳು.

ಅಂದಿನಿಂದ ಎನೆಲೆಸಿ ದಿನಾ ಸಂಜೆ ಇಬ್ಬರಿಗಾಗುವಷ್ಟು ಮೆಕ್ಕೆಜೋಳದ ಮುದ್ದೆ ತೊಳಸಿ, ಯೋಬೆಯ ಪಾಲನ್ನು ಮುಚ್ಚಿಡುತ್ತಿದ್ದಳು. ಬೆಳಗಾದರೆ ಅದನ್ನು ತಾನೇ ತಿಂದು ಕೆಲಸಕ್ಕೆ ಹೋಗುತ್ತಿದ್ದಳು.

"ರಜ ತಗೊಂಡು ಮನೇಲಿರು," ಎಂದಳು ಮ್ಯಾನೇಜರಮ್ಮ. "ಅತಿಥಿಗಳಿಗೆ ಇದೆಲ್ಲ ಗೊತ್ತಾಗಬಾರದು ನೋಡು."

"ಮನೇಲಿ ಕೂತು ಏನ್ಮಾಡ್ಲಿ ಮೇಡಂ? ನನ್ನ ಬಾಯಿಂದ ಯಾರಿಗೂ ಗೊತ್ತಾಗಲ್ಲ."

ಮೂರನೆಯ ಡೇರೆಯಲ್ಲಿದ್ದ ಮುದುಕಿ, ಕೆಲಸದವಳಿಗೆ ಯಾಕೆ ತೊಂದರೆಯೆಂದು ತನ್ನ ಹೊದಿಕೆಯನ್ನು ತಾನೇ ಮಡಿಸಿಡುವಂಥವಳು. ಅವಳು ಕೇಳಿದಳು, "ಹಾಡ್ತಾ ಹುಟ್ಟು ಹಾಕ್ತಿದ್ದನಲ್ಲ, ಅವನೆಲ್ಲಿ?"

"ರಜದ ಮೇಲೆ ಹೋಗಿದ್ದಾನಮ್ಮ. ಬರ್ತಾನೆ."

ಆ ಸುಳ್ಳು ಹೇಳಿದ ಮೇಲೆ ಸ್ವಲ್ಪ ಹೊತ್ತು ಅವಳ ಎದೆ ಹಗುರಾಗಿತ್ತು.

ಅಡುಗೆಯ ತೆನ್ಸನ್ ಮುದುಕ ಬೆಂಬಾ ಕುಲದವನು, ಎನೆಲೆಸಿ ನ್ಗೋನಿ ಕುಲದವಳು. ಹಿಂದೆಂದೋ ಕಾದಾಡಿದ ಆ ಎರಡು ಕುಲಗಳಿಗೆ ಈಗ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಹಂಗಿಸುವ ಹಕ್ಕಿದೆ, ಯಾರೂ ಸಿಟ್ಟಾಗುವಂತಿಲ್ಲ.

"ಏನೇ ಇಲಿ ತಿನ್ನೋಳೇ, ಇವತ್ತು ಎಷ್ಟು ಬಿಲ ಅಗೆದೆ?"

"ಕೋತಿ ತಿನ್ನೋ ಬಾಯಲ್ಲಿ ಇಲಿ ಮಾತ್ಯಾಕಜ್ಜಾ? ಮರ ಹತ್ತೋಕೆ ಮಂಡಿ ಬಿಡಲ್ವೇನೋ ಈಗ."

"ನಿನ್ನ ಗಂಡ ಬರಲಿ, ಹೇಳ್ತೀನಿ ಇರು. ನಿನ್ನ ಮುದ್ದೆಗೆ ಹೆದರಿ ಆಚೆ ದಡದಲ್ಲೇ ಅಡಗಿ ಕೂತಿದ್ದಾನೆ ಪಾಪ!"

ಈ ಕೊನೆಯ ಮಾತಿಗಾಗಿಯೇ ಅವಳು ದಿನಕ್ಕೆ ನಾಲ್ಕು ಸಲ ಅಡುಗೆಮನೆಯ ಮುಂದೆ ಹಾಯುತ್ತಿದ್ದಳು. 'ಬರಲಿ' ಎನ್ನುವವನು ಅವನೊಬ್ಬನೇ ಉಳಿದಿದ್ದ.

ಮಂಗಳವಾರ, ಐದನೆಯ ದಿನ, ಯೋಬೆಯನ್ನು ಹುಡುಕಲು ದಿನಾ ಹೋಗುತ್ತಿದ್ದ ದೋಣಿ ಮಧ್ಯಾಹ್ನಕ್ಕೇ ಹಿಂದಿರುಗಿತು. ಒಣಹಾಕಿದ ಬಿಳಿ ಹಾಸುಗಳ ಮರೆಯಿಂದ ಎನೆಲೆಸಿ ನೋಡಿದಳು. ಇಳಿದವರಲ್ಲಿ ಯಾರೂ ಅವಳತ್ತ ತಿರುಗಲಿಲ್ಲ. ತಲೆ ತಗ್ಗಿಸಿ ನೇರ ಅಡುಗೆಮನೆಯೊಳಕ್ಕೆ ಹೋದರು. ಎಂಜಿನ್ ಕೆಟ್ಟಿರಬೇಕು ಅಂದುಕೊಂಡಳು. ಒಣಗಿದ್ದ ಹಾಸೊಂದನ್ನು ಎಳೆದು ಮತ್ತೆ ನೀರಿಗೆ ಅದ್ದಿ ಉಜ್ಜತೊಡಗಿದಳು. ಅಂದು ಅಡುಗೆಮನೆಯ ಕಡೆಗೆ ಹೋಗಲೇ ಇಲ್ಲ.

ಹೊತ್ತು ಇಳಿಯಿತು. ಪೊದೆಗಳು ಘಮಗುಟ್ಟತೊಡಗಿದವು. ಡೇರೆಗಳ ಕಡೆಯಿಂದ ಗಾಜಿನ ಲೋಟಗಳ ಸದ್ದು, ನಗು. ಎನೆಲೆಸಿ ಒಲೆ ಊದುತ್ತಿದ್ದಳು. ಮುದ್ದೆಗಿಟ್ಟ ಎಸರು ಕುದಿಯುತ್ತಿತ್ತು.

ತೆನ್ಸನ್ ಬಂದ. ಅದು ಅತಿಥಿಗಳ ಊಟದ ಹೊತ್ತು. ಅವನು ಅಡುಗೆಮನೆ ಬಿಟ್ಟು ಬರುವಂತಿರಲಿಲ್ಲ. ತಲೆಯ ಮೇಲೆ ಎಂದಿನ ಬಿಳಿ ಟೋಪಿ ಇರಲಿಲ್ಲ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಯಿತ್ತು.

"ಏನಜ್ಜಾ, ಕೋತಿ ಸಿಗಲಿಲ್ವಾ ಇವತ್ತು?" ಎಂದಳು ಎನೆಲೆಸಿ ಅವಸರವಸರವಾಗಿ.

ಮುದುಕ ತಟ್ಟೆಯನ್ನೇ ನೋಡುತ್ತ ನಿಂತ.

"ಅನ್ನು ಅಜ್ಜಾ. ಇಲಿ ತಿನ್ನೋಳೇ ಅನ್ನು." ಅವಳ ದನಿ ಒಡೆಯಿತು. "ಏನಾದ್ರೂ ಬೈಯಿ. ಒಂದೇ ಒಂದು ಮಾತು ಬೈಯಜ್ಜಾ, ನಿಂಗೆ ಕೈ ಮುಗೀತೀನಿ."

ತೆನ್ಸನ್ ನೋಯುವ ಮಂಡಿಗಳನ್ನು ಕಷ್ಟದಿಂದ ಮಡಿಸಿ, ಮಗಳ ವಯಸ್ಸಿನವಳ ಮುಂದೆ ನೆಲಕ್ಕೆ ಕುಳಿತು, ತಟ್ಟೆಯನ್ನು ಎರಡೂ ಕೈಯಲ್ಲಿ ಚಾಚಿದ.

ಎನೆಲೆಸಿ ಬಹಳ ಹೊತ್ತು ಬೆಂಕಿಯನ್ನೇ ನೋಡಿದಳು. ಆಮೇಲೆ ಸೌದೆಗಳನ್ನು ಒಂದೊಂದಾಗಿ ಎಳೆದು ಮರಳಿಗೆ ಒತ್ತಿದಳು. ಕೊನೆಯದನ್ನು ಕೈಯಲ್ಲಿ ಹಿಡಿದು ಒಂದಿಷ್ಟು ಕಾದಳು, ಅದನ್ನೂ ಒತ್ತಿದಳು. ಎಸರಿನ ಸದ್ದು ನಿಂತಿತು.

ಅಷ್ಟು ಹೊತ್ತೂ ಮುದುಕ ಚಾಚಿದ ಕೈ ಹಿಂದಕ್ಕೆ ತೆಗೆದಿರಲಿಲ್ಲ. ಬೂದಿ ಮೆತ್ತಿದ ಅವಳ ಅಂಗೈಗಳ ಮೇಲೆ ಅವನು ತಟ್ಟೆಯನ್ನು ಮೆಲ್ಲಗೆ ಇಟ್ಟ.