ನಾಡಿ ಎಣಿಸಿದ ಹೊತ್ತು

ಬಿ.ಎಸ್ಸಿ. ಕೊನೆಯ ವರ್ಷ, ೨೦೦೪. ಕೊಪ್ಪದ ನಮ್ಮ ಕಾಲೇಜಿನಲ್ಲಿ ವರ್ಷದ ಕ್ರೀಡಾಪಟುವಿಗೆ ಬಹುಮಾನವಾಗಿ ಒಂದು ಕಪ್ಪು ಕೊಡುತ್ತಿದ್ದರು. ಸಾವಿರದೈನೂರು ಮೀಟರ್ ಓಟದಲ್ಲಿ ಮೂರು ವರ್ಷವೂ ಗೆದ್ದ ನನಗೇ ಅದು ಎಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ತರಗತಿಯ ಅರ್ಪಿತಾ ಬೆಂಗಳೂರಿನ ಕುದುರೆ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ತಂದಳು.

ಓಡುವುದು ಕುದುರೆ, ಇವಳು ಮೇಲೆ ಕೂರುವವಳು, ಇದು ಆಟ ಹೇಗಾಗುತ್ತದೆ ಎಂದು ದೈಹಿಕ ಶಿಕ್ಷಣದ ಮರುಳಸಿದ್ದಪ್ಪ ಮೇಷ್ಟ್ರ ಹತ್ತಿರ ವಾದಿಸಿದೆ. ಅವರಿಗೂ ಅನುಮಾನವಿತ್ತು.

"ನೀನು ಸೈನ್ಸ್ ಹುಡುಗಿ ಅಲ್ವನೇ ನೀಲಾಂಬಿಕೆ? ಮೈ ದಣಿಯುತ್ತೋ ಇಲ್ವೋ, ಸವಾರಿ ಮುಗಿದ ಕೂಡ್ಲೇ ಅವಳ ನಾಡಿ ನೋಡ್ಕೊಂಡು ಬಾ. ನಿನ್ನದು ಹೇಗೂ ಇದೆ," ಎಂದರು.

ನನ್ನದನ್ನು ಅವರೇ ಎಣಿಸಿದ್ದರು. ಓಟ ಮುಗಿಸಿ ಗೆರೆ ದಾಟಿದ ಕೂಡಲೇ, ಹದಿನೈದು ಸೆಕೆಂಡಿಗೆ ನಲವತ್ತನಾಲ್ಕು. ಅಂದರೆ ನಿಮಿಷಕ್ಕೆ ನೂರ ಎಪ್ಪತ್ತಾರು.

ಭಾನುವಾರ ಬಸ್ಸಿನಲ್ಲಿ ಜಯಪುರಕ್ಕೆ, ಅವಳ ಅಜ್ಜನ ಎಸ್ಟೇಟಿಗೆ ಹೋದೆ. ಕಾಫಿ ಒಣಗಿಸುವ ಕಣದ ಆಚೆ ಬಯಲಿನಲ್ಲಿ ಬಿದಿರುಗಳನ್ನು ಅಡ್ಡ ಕಟ್ಟಿದ್ದರು. ಅವಳು ಅರ್ಧ ಗಂಟೆ ಕುದುರೆ ಓಡಿಸಿದಳು, ಹಾರಿಸಿದಳು. ಪ್ರತಿ ಹಾರಿಕೆಗೂ ಅವಳು ತೊಡೆ ಬಿಗಿದು ಬೆನ್ನು ಬಗ್ಗಿಸುವುದು ಕಾಣುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟಿದ್ದು, ಅವಳು ತಲೆ ತಿರುಗಿಸಿದರೆ ಸಾಕು ಕುದುರೆಯೂ ಅತ್ತ ತಿರುಗುತ್ತಿದ್ದದ್ದು. ನಾನು ಓಡುವಾಗ ನನ್ನ ಕಾಲುಗಳೇ ನನ್ನ ಮಾತು ಕೇಳುವುದಿಲ್ಲ.

ಇಳಿದವಳೇ ಏದುಸಿರು ಬಿಡುತ್ತ ಕೈ ಚಾಚಿದಳು.

"ಮೊದ್ಲು ಕುದುರೆ ಕಟ್ಟಿ, ನೀರು ಕೊಟ್ಟು ಬಾ," ಎಂದೆ.

"ಎಂತ ಮಾರಾಯ್ತಿ, ಈಗ್ಲೇ ನೋಡಲ್ವಾ?"

"ಅವಸರ ಎಂತದು?"

ಅವಳು ಬರುವಷ್ಟರಲ್ಲಿ ನನ್ನ ವಾಚಿನಲ್ಲಿ ಏಳು ನಿಮಿಷ ಕಳೆದಿತ್ತು. ಮೈ ದಣಿಸುವುದು ನಿಂತ ಮೇಲೆ ನಾಡಿ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಗ್ರಾಫನ್ನು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ನಾನೇ ಬರೆದಿದ್ದೆ. ಎಣಿಸಿದೆ. ನಿಮಿಷಕ್ಕೆ ತೊಂಬತ್ತಾರು. ಅದನ್ನೇ ಬರೆದುಕೊಂಡೆ, ಸುಳ್ಳು ಅಂಕಿಯಂತೂ ಅಲ್ಲ.

ಸೋಮವಾರ ಮೇಷ್ಟ್ರು ಎರಡೂ ಅಂಕಿ ನೋಡಿ, ಕಪ್ಪು ನನಗೇ ಎಂದರು. ಅರ್ಪಿತಾ ಕಾರಿಡಾರಿನಲ್ಲಿ ಸಿಕ್ಕಿ ನಗುತ್ತ ಕೈ ಕುಲುಕಿದಳು. ಆ ನಗುವಿನಲ್ಲಿ ಬೇಸರದ ಎಳೆಯೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಾನು ಬೇಕಂತಲೇ ತಡವಾಗಿ ಎಣಿಸಿದ್ದು," ಎಂದೆ.

"ಗೊತ್ತು. ನನ್ನ ಎದೆ ಹೊಡ್ಕೊಳ್ಳೋದು ನಂಗೆ ಗೊತ್ತಾಗಲ್ವನೇ?"

"ಮತ್ತೆ ಹೇಳ್ಲಿಲ್ಲ ಯಾಕೆ?"

"ನಿಂಗೆ ಅದು ಅಷ್ಟು ಬೇಕಿತ್ತಲ್ಲ. ಇಟ್ಕೋ. ನಂಗೆ ಕುದುರೆ ಇದೆ."

ನಾನು ನೇರ ಮೇಷ್ಟ್ರ ಕೋಣೆಗೆ ಹೋಗಿ, ತೊಂಬತ್ತಾರರ ಪಕ್ಕ 'ಏಳು ನಿಮಿಷದ ನಂತರ' ಎಂದು ಬರೆದು ಕೊಟ್ಟೆ. ಅವರು ಓದಿ, ನನ್ನ ಹೆಸರು ಹೊಡೆದು ಹಾಕಿ ಅವಳ ಹೆಸರು ಬರೆದರು. ಎಲ್ಲರೂ ನನ್ನನ್ನು ಪ್ರಾಮಾಣಿಕಳೆಂದರು. ಪ್ರಾಮಾಣಿಕತೆ ಅಲ್ಲ. ಅವಳು ಬಿಟ್ಟುಕೊಟ್ಟ ಕಪ್ಪನ್ನು ಮನೆಯಲ್ಲಿಟ್ಟುಕೊಂಡು ದಿನಾ ನೋಡುವ ಶಕ್ತಿ ನನಗಿರಲಿಲ್ಲ, ಅಷ್ಟೇ.