ಎರಡನೇ ನೀರು

ಹನಿ ಇಳಿಯುತ್ತಿದೆ, ಚೊಂಬಿನ ಬಾಯಿಗೆ ಕಟ್ಟಿದ ತೆಳುಬಟ್ಟೆಯಿಂದ ಒಂದು, ತಡೆದು ಇನ್ನೊಂದು, ಬಟ್ಟೆ ಹಿಂಡಲು ಚಾಚಿದ ಕೈಯನ್ನು ರಾಮಲಕ್ಷ್ಮಮ್ಮ ಹಿಂದಕ್ಕೆಳೆದುಕೊಂಡಳು — ಉಂಡವೇ, ತಾಳೇ, ಹಿಂಡಬೇಡ, ಹಿಂಡಿದ್ರೆ ಕಹಿ ಬಿಡ್ತದೆ, ತಾನಾಗಿ ಇಳೀಲಿ — ಯಾರೂ ಹೇಳಲಿಲ್ಲ, ಹೇಳುವವಳು ಸತ್ತು ಇಪ್ಪತ್ತೆರಡು ದಿನ, ದೊಡ್ಡಗಂಗಮ್ಮ, ಗಂಡನ ಮೊದಲ ಹೆಂಡತಿ, ಇವಳ ಬಾಯಲ್ಲಿ ಅಕ್ಕ, ಬೇರೇನೆಂದು ಕರೆಯಬೇಕಿತ್ತು. ಒಂಬತ್ತು ವರ್ಷದ ಹಿಂದೆ, ಈ ಮನೆಗೊಂದು ಕೂಸು ಬೇಕೆಂದು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಇವಳನ್ನು ತಂದಾಗ ಅಕ್ಕ ಅಳಲಿಲ್ಲ, ಬೈಯಲಿಲ್ಲ, ಒಲೆಯ ಮುಂದೆ ಕೂರಿಸಿ ಕಾಫಿ ಕಲಿಸಿದಳು, ಬೀಜ ಹುರಿಯುವಾಗ ಕೈ ನಿಲ್ಲಬಾರದು, ಕರಿಯಾಗುವ ಮೊದಲೇ ಮೊರಕ್ಕೆ ಸುರಿಯಬೇಕು, ಕುದ್ದ ನೀರು ಸುಮ್ಮನಾದ ಮೇಲೆ ಹೊಯ್ಯಬೇಕು, ಮೊದಲು ಒಂದೇ ಚಮಚ, ಪುಡಿ ನೆನೆದು ಉಬ್ಬಲಿ — ಎಲ್ಲ ಕಲಿಸಿ, ಮೊದಲ ಡಿಕಾಕ್ಷನ್ ಗಂಡನಿಗೂ ತನಗೂ, ಅದೇ ಪುಡಿಯ ಮೇಲೆ ಮತ್ತೆ ಹೊಯ್ದ ಎರಡನೇ ನೀರು ಇವಳಿಗೆ, ದಿನಾ, ಬಸುರಿಯಾದಾಗಲೂ, ಹುಟ್ಟಿದ ಕೂಸು ಹನ್ನೊಂದನೇ ದಿನಕ್ಕೆ ಹೋದಾಗಲೂ, ಅವತ್ತು ತಣ್ಣಗಾದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಯಾರ ಕೈಗೂ ಕೊಡದೆ ಕೂತವಳೂ ಅಕ್ಕನೇ, ಮರುದಿನ ಮುಖ ತೊಳೆದು ಕಾಫಿ ಇಳಿಸಿದಳು, ಇವಳಿಗೆ ಎರಡನೇ ನೀರೇ ಕೊಟ್ಟಳು. ಲೇ, ಕಾಫಿ ಆಯ್ತೇನೇ, ಜಗಲಿಯಿಂದ ಗಂಡ ಸೊಣ್ಣಪ್ಪನ ದನಿ, ಇಳೀತಾ ಇದೆ, ತರ್ತೀನಿ. ಯುದ್ಧ ಶುರುವಾದ ಮೇಲೆ ಕಾಫಿಬೀಜ ಸಿಗುವುದೇ ಅಪರೂಪ, ಪಕ್ಕದ ಮನೆಯಲ್ಲಿ ಹುರಿದ ಹುಣಸೆಬೀಜ ಬೆರೆಸುತ್ತಾರೆ, ಅಕ್ಕ ಹೋದ ದಿನವೂ ಡಬ್ಬಿಯ ತಳದಲ್ಲಿ ಒಂದು ಸಲಕ್ಕಾಗುವಷ್ಟೇ ಪುಡಿ, ಗಂಡ ಕೋಲಾರಕ್ಕೆ ಹೋಗಿದ್ದ, ಅಕ್ಕ ಹಾಸಿಗೆ ಹಿಡಿದು ತಿಂಗಳಾಗಿತ್ತು, ಗಂಜಿಯೂ ಬೇಡವೆನ್ನುತ್ತಿದ್ದವಳು ಕಣ್ಣು ಬಿಟ್ಟು, ರಾಮಲಕ್ಷ್ಮೀ, ಒಂಚೂರು ಕಾಫಿ ಕೊಡ್ತೀಯಾ. ನಾಲಿಗೆಗೆ ಇನ್ನು ರುಚಿ ತಿಳಿಯೋದಿಲ್ಲ ಎಂದು ಡಾಕ್ಟರೇ ಹೇಳಿದ್ದರಲ್ಲ, ತಿಳಿಯದವಳಿಗೆ ಯಾವುದಾದರೇನು, ಮೊದಲನೆಯದನ್ನು ಇಲ್ಲೇ, ಈ ಕದದ ಹಿಂದೆ, ನಿಂತುಕೊಂಡೇ ಇವಳು ಕುಡಿದಳು, ಬಾಯಿ ಸುಟ್ಟುಕೊಂಡು, ಒಂಬತ್ತು ವರ್ಷದಲ್ಲಿ ಅದೇ ಮೊದಲು, ಇಷ್ಟು ಚೆನ್ನಾಗಿರುತ್ತಿತ್ತೇ, ಇದನ್ನೇ ಕುಡಿಯುತ್ತಿದ್ದಳೇ ದಿನಾ — ಆಮೇಲೆ ಅದೇ ಪುಡಿಗೆ ನೀರು ಹೊಯ್ದು, ತೆಳುವಾದದ್ದು ಕಾಣದಿರಲೆಂದು ಬೆಲ್ಲ ಹೆಚ್ಚಿಗೆ ಹಾಕಿ, ಒಳಗೆ ಹೋಗಿ, ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿದರೆ ಮೈಯಲ್ಲಿ ಎಲುಬಷ್ಟೇ, ಹಕ್ಕಿಯನ್ನು ಹಿಡಿದ ಹಾಗೆ, ಲೋಟ ತುಟಿಗೆ ಹಿಡಿದಳು. ಅಕ್ಕ ಪೂರ್ತಿ ಕುಡಿದಳು. ಚೆನ್ನಾಗಿ ಇಳ್ಸಿದ್ದೀಯ ಕಣೇ, ಇನ್ಮೇಲೆ ಒಲೆ ನಿಂದೇ, ಅಂದಳು, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು, ಹೊತ್ತು ಇಳಿಯುವ ಮೊದಲೇ ಹೋದಳು. ತಿಳಿದಿರಲಿಕ್ಕಿಲ್ಲ, ಡಾಕ್ಟರು ಸುಳ್ಳು ಹೇಳುತ್ತಾರೆಯೇ, ತಿಳಿದಿದ್ದರೆ ಬೈಯುತ್ತಿದ್ದಳು, ಅಥವಾ ಉಗುಳುತ್ತಿದ್ದಳು, ಚೆನ್ನಾಗಿದೆ ಎಂದು ಯಾಕೆ ಹೇಳುತ್ತಿದ್ದಳು — ಆದರೆ ಮೊದಲ ಗುಟುಕು ಒಳಗೆ ಹೋದ ಮೇಲೆ, ಎರಡನೆಯದಕ್ಕೆ ಮುಂಚೆ, ಲೋಟ ತುಟಿಯಲ್ಲೇ ಇತ್ತು, ಗಂಟಲು ಅಲುಗಲಿಲ್ಲ — ಲೇ, ಆರಿಹೋಗ್ತದೆ, ತಾರೇ — ದಿನಾ ಬೆಳಿಗ್ಗೆ ನೆನಪು ಇಲ್ಲಿಗೇ ಬಂದು ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ, ಹಿತ್ತಾಳೆ ಲೋಟದ ಅಂಚು, ಅಂಚಿನ ಮೇಲಿಂದ ಇವಳನ್ನೇ ನೋಡುವ ಎರಡು ಕಣ್ಣು.