ಇಸ್ತ್ರಿ ನಿಂತ ಸಾಲು

ದೆವ್ವಗಳ ಪ್ರೇಮಕಥೆ ಬರೆಯುವವರ ಬಗ್ಗೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಕಪ್ಪು ಬಟ್ಟೆ, ಕೆದರಿದ ತಲೆ, ಮೇಣದಬತ್ತಿ, ತೊಡೆಯ ಮೇಲೊಂದು ಬೆಕ್ಕು. ನಮ್ಮ ಲೇಖಕಿಗೆ ಬೆಕ್ಕು ಹತ್ತಿರ ಬಂದರೆ ಸೀನು ಶುರುವಾಗುತ್ತದೆ. ಕತ್ತಲೆಯೆಂದರೆ ಜೀವ ಹೋಗುತ್ತದೆ, ಮಲಗುವಾಗಲೂ ದೀಪ ಉರಿಯುತ್ತಿರಬೇಕು. ಅವಳು ಬರೆಯುವುದು ಹಾಡಹಗಲಲ್ಲಿ, ಅಕ್ಕನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ತಂತಿಗೆ ನೇತುಹಾಕಿದ ಯಾರ್ಯಾರದೋ ಕೋಟುಗಳ ನಡುವೆ. ವಯಸ್ಸು ನಲವತ್ತು ದಾಟಿದೆ. ಮದುವೆಯಾಗಿಲ್ಲ, ಹೇಳಿಕೊಳ್ಳುವಂಥ ಪ್ರೇಮ ಪ್ರಕರಣವೂ ಇಲ್ಲ. ಆದರೂ ಹದಿನಾರರ ಹುಡುಗಿಯರು ಅವಳ ಪುಸ್ತಕ ಓದಿ ದಿಂಬು ಒದ್ದೆ ಮಾಡಿಕೊಳ್ಳುತ್ತಾರೆ. ಬೀದಿಯವರೆಲ್ಲ ಅವಳನ್ನು ಕರೆಯುವುದು ದೆವ್ವದಕ್ಕ ಅಂತ. ಸ್ವಂತ ಅಕ್ಕನಿಗೆ ಮಾತ್ರ ಅವಳು ಇವತ್ತಿಗೂ ಪುಟ್ಟಿ. ನಾವೂ ಹಾಗೇ ಕರೆಯೋಣ, ದೆವ್ವದಕ್ಕ ಅಂದರೆ ಅವಳಿಗೇ ಹೆದರಿಕೆ.

ಪುಟ್ಟಿ ಬರೆಯುವ ಕ್ರಮವೇ ವಿಚಿತ್ರ. ಒಂದು ಅಧ್ಯಾಯ ಮುಗಿದ ಕೂಡಲೇ ಹಾಳೆಗಳನ್ನು ಹಿಡಿದು ಅಂಗಡಿಗೆ ಬರುತ್ತಾಳೆ. ಮಧ್ಯಾಹ್ನ ಗಿರಾಕಿಗಳಿರುವುದಿಲ್ಲ. ಅಕ್ಕ ಉದ್ದನೆಯ ಮೇಜಿನ ಮುಂದೆ ನಿಂತು ಇಸ್ತ್ರಿ ಮಾಡುತ್ತಿರುತ್ತಾಳೆ. ಪುಟ್ಟಿ ಸ್ಟೂಲಿನ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಾಳೆ. ಅಕ್ಕ ಚೆನ್ನಾಗಿದೆ ಅನ್ನುವುದಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುವುದಿಲ್ಲ. ಹೇಳುವುದೆಲ್ಲ ಇಸ್ತ್ರಿಪೆಟ್ಟಿಗೆ. ಓದುವಾಗ ಅದು ಸರ್ ಸರ್ ಎಂದು ಓಡುತ್ತಲೇ ಇದ್ದರೆ ಆ ಪುಟ ಕಸದ ಬುಟ್ಟಿಗೆ. ಎಲ್ಲಾದರೂ ನಿಂತರೆ ಆ ಸಾಲಿನ ಪಕ್ಕದಲ್ಲಿ ಪುಟ್ಟಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಾಳೆ, ಆಮೇಲೆ ಆ ಸಾಲನ್ನು ಸಂಪಾದಕಿ ಬಂದು ಕಾಲು ಹಿಡಿದರೂ ತೆಗೆಯುವುದಿಲ್ಲ.

ಇದು ಶುರುವಾದದ್ದು ವಕೀಲರ ಅಂಗಿಯಿಂದ. ಮೊದಲ ಪುಸ್ತಕದ ಮೊದಲ ಅಧ್ಯಾಯ ಓದುತ್ತಿದ್ದ ದಿನ, ಹಳೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಹುಡುಗಿಗೆ ಕಿಟಕಿಯ ಬಳಿ ಒಬ್ಬ ಹುಡುಗ ಕಾಣಿಸಿಕೊಂಡು, ಹೋಗುವಾಗ ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟಿ ಹೋಗುತ್ತಾನಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ. ವಕೀಲರ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಕಂದು ಬಣ್ಣದಲ್ಲಿ ಬಿದ್ದಿತ್ತು. ಅಕ್ಕ ನಾಚಿಕೊಂಡು ಹೊಸ ಅಂಗಿ ಕೊಡಿಸಿದಳು. ವಕೀಲರು ದೊಡ್ಡ ಮನಸ್ಸಿನವರು, ಕಾರಣ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಬಟ್ಟೆ ಒಯ್ಯಲು ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಏನಮ್ಮಾ, ಇವತ್ತು ದೆವ್ವ ಬಂದಿತ್ತಾ?"

ಆ ಕಿಟಕಿ ಹುಡುಗ ಪುಟ್ಟಿಯ ಕೈ ಹಿಡಿದ. ಎರಡು ಪುಸ್ತಕ ಬಿಸಿಬಿಸಿಯಾಗಿ ಖರ್ಚಾದವು. ಓದುಗ ಹುಡುಗಿಯರು ತಮ್ಮ ತಮ್ಮ ಮನೆಯ ಬಾಗಿಲುಗಳನ್ನು ಎರಡು ಸಲ ತಟ್ಟಿ ಹೋಗತೊಡಗಿದರು, ತಾಯಂದಿರ ತಲೆ ಕೆಟ್ಟುಹೋಯಿತು. ಅವನು ಯಾವಾಗಲೂ ಎಡತೋಳನ್ನು ಮಾತ್ರ ಮಡಚಿರುತ್ತಾನೆ, ಬಲತೋಳು ಇಳಿಬಿದ್ದಿರುತ್ತದೆ. ಯಾಕೆ? ಬಲಗೈಯಲ್ಲಿ ಗಾಯದ ಗುರುತಿದೆ ಅಂತ ಕೆಲವರು ವಾದಿಸಿದರು. ಅಲ್ಲಿ ಶಾಪದ ಮಂತ್ರ ಬರೆದಿದೆ ಅಂತ ಇನ್ನು ಕೆಲವರು. ಪುಟ್ಟಿಯನ್ನು ಕೇಳಿದರೆ ಗೂಢವಾಗಿ ನಗುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೂ ಗೊತ್ತಿರಲಿಲ್ಲ. ಆ ಹುಡುಗ ಹಾಗೇ ತಲೆಯೊಳಗೆ ಬಂದಿದ್ದ, ಹಾಗೇ ಬರೆದಿದ್ದಳು.

ಈಗ ಮೂರನೆಯದು, ಕಡೆಯ ಪುಸ್ತಕ. ಎಲ್ಲ ಮುಗಿದು ಕಡೆಯ ಅಧ್ಯಾಯಕ್ಕೆ ಬಂದು ಗಾಡಿ ಕೆಸರಿನಲ್ಲಿ ಹೂತುಹೋಯಿತು. ಸಂಪಾದಕಿ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು.

"ಮೇಡಂ, ಅವನಿಗೆ ಜೀವ ಬರ್ಲಿ. ಇಬ್ರೂ ಕೈ ಹಿಡ್ಕೊಂಡು ಹೊರಗೆ ಬರ್ಲಿ. ಓದೋರಿಗೆ ಬೇಕಾಗಿರೋದು ಅದೇ."

ಪುಟ್ಟಿ ಹಾಗೇ ಬರೆದು ಓದಿದಳು. ಹುಡುಗನ ಎದೆ ಬಡಿದುಕೊಂಡಿತು, ಇಸ್ತ್ರಿಪೆಟ್ಟಿಗೆ ಓಡುತ್ತಲೇ ಇತ್ತು. ಸರಿ, ಅದು ಸುಳ್ಳೆಂದು ಅವಳಿಗೂ ಅನ್ನಿಸಿತ್ತು. ಎರಡನೆಯ ಸಲ ಅವನಿಗೆ ದೊಡ್ಡದೊಂದು ಮಾತು ಹೇಳಿಸಿ ಬೆಳಕಿನಲ್ಲಿ ಕರಗಿಸಿದಳು. ಅಕ್ಕ ಎರಡು ಪ್ಯಾಂಟು ಮುಗಿಸಿದಳು. ಮೂರನೆಯ ಸಲ ಪುಟ್ಟಿ ಮಾತನ್ನೆಲ್ಲ ಕಿತ್ತೆಸೆದಳು. ಹುಡುಗಿ ತಲೆ ಬಗ್ಗಿಸಿ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿರುತ್ತಾಳೆ, ಬಾಗಿಲ ಕಡೆಯಿಂದ ಎರಡು ತಟ್ಟು ಕೇಳಿಸುತ್ತದೆ, ತಲೆ ಎತ್ತುವಷ್ಟರಲ್ಲಿ ಅವನಿಲ್ಲ. ಬರೆಯುವಾಗ ಪುಟ್ಟಿ ತಾನೇ ಅತ್ತಿದ್ದಳು. ಇದು ಗೆದ್ದಿತು ಎಂಬ ಭರವಸೆಯಿಂದ ಓದಿದಳು. ಇಸ್ತ್ರಿಪೆಟ್ಟಿಗೆ ಸರ್ ಸರ್ ಎಂದು, ಒಂದೇ ಹದದಲ್ಲಿ, ಕಡೆಯ ಸಾಲಿನವರೆಗೂ ಓಡಿತು.

"ಅಕ್ಕಾ, ಏನೂ ಅನ್ನಿಸ್ಲಿಲ್ವಾ?"

"ಇನ್ನೊಂದ್ಸಲ ಬರೆದು ನೋಡು," ಅಂದಳು ಅಕ್ಕ, ಬೆನ್ನು ತಿರುಗಿಸಿಯೇ. ಅಂಗಿ ಮಡಚಿಟ್ಟು ಹಿತ್ತಲಿನ ಒಗೆಯುವ ಯಂತ್ರದ ಕಡೆ ನಡೆದುಬಿಟ್ಟಳು.

ಪುಟ್ಟಿ ಹಾಳೆಗಳನ್ನು ಮಡಚಿ ಸ್ಟೂಲಿನ ಮೇಲಿಟ್ಟಳು. ತನ್ನ ಹೊಟ್ಟೆಯೊಳಗಿನಿಂದ ತೆಗೆದು ಬರೆದ ಪುಟಕ್ಕೂ ಇಸ್ತ್ರಿ ನಿಲ್ಲಲಿಲ್ಲವೆಂದರೆ ಇನ್ನು ತನ್ನಲ್ಲಿ ಉಳಿದದ್ದೇನು? ಪ್ರೇಮ ಕಂಡರಿಯದವಳು ಪ್ರೇಮ ಬರೆಯುತ್ತಾಳೆಂದು ಹಿಂದೆ ಒಬ್ಬ ವಿಮರ್ಶಕರು ಮೂಗು ಮುರಿದಿದ್ದರು, ಅವರೇ ಸರಿಯಿರಬೇಕು. ಸಂಪಾದಕಿಗೆ ಬೇಕಾದ ಹಾಗೆ ಜೀವ ಬರಿಸಿ, ಪುಸ್ತಕ ಒಪ್ಪಿಸಿ, ಪೆನ್ನು ಕೆಳಗಿಟ್ಟು, ನಾಳೆಯಿಂದ ಅಕ್ಕನ ಜೊತೆ ಬಟ್ಟೆ ಮಡಚುವುದೇ ವಾಸಿ. ಫೋನು ಕೈಗೆತ್ತಿಕೊಂಡಳು.

ಅಷ್ಟರಲ್ಲಿ ವಕೀಲರು ಬಂದರು. ಪುಟ್ಟಿ ಮೇಜಿನ ಮೇಲಿದ್ದ ಅಂಗಿಯನ್ನು ತೆಗೆದುಕೊಟ್ಟಳು. ವಕೀಲರು ಹೆಗಲಿಗೆ ಹಿಡಿದು ನೋಡಿ ಹುಬ್ಬು ಗಂಟು ಹಾಕಿದರು.

"ಇದೇನಮ್ಮ, ಹಸು ಜಗಿದು ಉಗುಳಿದ ಹಾಗಿದೆ. ಸುಟ್ಟಿದ್ರೂ ಒಪ್ಪಿಕೊಳ್ತಿದ್ದೆ. ಇಸ್ತ್ರೀನೇ ಆಗಿಲ್ವಲ್ಲ."

ಪುಟ್ಟಿ ಅಂಗಿ ಮುಟ್ಟಿ ನೋಡಿದಳು. ಸುಕ್ಕುಗಳೆಲ್ಲ ಇದ್ದ ಹಾಗೇ ಇದ್ದವು. ಇದೀಗ ತನ್ನ ಕಣ್ಣೆದುರಿಗೇ ಅಧ್ಯಾಯದುದ್ದಕ್ಕೂ ಇಸ್ತ್ರಿ ಮಾಡಿದ ಅಂಗಿ. ಇಸ್ತ್ರಿಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ವೈರು ಮೇಜಿನ ಕೆಳಗೆ ಬಿದ್ದಿತ್ತು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಯೇ ಇರಲಿಲ್ಲ.

ವಕೀಲರನ್ನು ಸಂಜೆಗೆ ಬನ್ನಿ ಎಂದು ಕಳಿಸಿ ಹಿತ್ತಲಿಗೆ ಹೋದಳು. ಅಕ್ಕ ಯಂತ್ರದ ಪಕ್ಕ ಸೋಪಿನ ಪುಡಿಯ ಡಬ್ಬದ ಮೇಲೆ ಕುಳಿತಿದ್ದಳು. ಯಂತ್ರವೂ ಓಡುತ್ತಿರಲಿಲ್ಲ. ಅಕ್ಕನ ಮೂಗು ಕೆಂಪಾಗಿತ್ತು.

"ತಣ್ಣಗಿರೋ ಪೆಟ್ಟಿಗೇಲಿ ಇಸ್ತ್ರಿ ಮಾಡ್ತಾ ಇದ್ಯಲ್ಲ," ಅಂದಳು ಪುಟ್ಟಿ. ಸಿಟ್ಟು ಬಂದಿತ್ತು, ದನಿ ಮಾತ್ರ ಸಣ್ಣಗೆ ಹೊರಟಿತು.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಿಸಿ ಇದ್ದಿದ್ರೆ ಸುಟ್ಟೋಗ್ತಿತ್ತು. ನನಗೆ ಬಟ್ಟೆ ಎಲ್ಲಿ ಕಾಣ್ತಿತ್ತು? ಕೈ ನಿಲ್ಲಿಸಬಾರದು ಅಂತ ಆಡಿಸ್ತಾ ಇದ್ದೆ ಅಷ್ಟೇ."

"ಯಾಕೆ ನಿಲ್ಲಿಸಬಾರದು?"

"ನಿಂತ್ರೆ ನೀನು ಚುಕ್ಕಿ ಇಡ್ತೀಯ. ಚುಕ್ಕಿ ಇಟ್ರೆ ಪುಸ್ತಕ ಮುಗೀತು. ಆಮೇಲೆ ಅವರು ಬರಲ್ಲ."

"ಅವರು ಯಾರು?"

ಅಕ್ಕ ತಂಗಿಯ ಮುಖ ನೋಡಿದಳು. "ನಿನಗೆ ನಿಜವಾಗ್ಲೂ ಗೊತ್ತಿಲ್ವಾ ಪುಟ್ಟಿ? ನಿಮ್ಮ ಭಾವ ವ್ಯಾನ್ ಓಡಿಸ್ತಿದ್ರಲ್ಲ. ಬಲಗಡೆ ಕಿಟಕಿ, ಆ ಕೈಗೆ ಬಿಸಿಲು ಸುಡುತ್ತೆ ಅಂತ ತೋಳು ಇಳಿಬಿಡ್ತಿದ್ರು. ಎಡಗಡೇದು ಮಾತ್ರ ಮಡಚ್ತಿದ್ರು. ಅಂಗಡಿಯಿಂದ ಹೊರಡುವಾಗ ಚೌಕಟ್ಟು ಎರಡು ಸಲ ತಟ್ತಿದ್ರು."

ಪುಟ್ಟಿ ಅಲ್ಲೇ ನೆಲದ ಮೇಲೆ ಕುಳಿತಳು. ಅಪ್ಪ ಅಮ್ಮ ಹೋದ ಮೇಲೆ ಅವಳು ಹದಿನಾರನೆಯ ವಯಸ್ಸಿಗೆ ಅಕ್ಕನ ಮನೆಗೆ ಬಂದವಳು. ಒಂದು ಗಂಡು ಒಂದು ಹೆಣ್ಣು ಒಬ್ಬರನ್ನೊಬ್ಬರು ಕಂಡರೆ ಮುಖ ಅರಳುತ್ತದೆ ಎಂಬುದನ್ನು ಅವಳು ಮೊದಲು ನೋಡಿದ್ದೇ ಇಲ್ಲಿ, ಈ ಅಂಗಡಿಯಲ್ಲಿ. ಭಾವ ಒಗೆದ ಬಟ್ಟೆಯ ಗಂಟುಗಳನ್ನು ವ್ಯಾನಿಗೆ ತುಂಬುತ್ತಿದ್ದರು, ಹಾಸ್ಯ ಹೇಳುವ ಮುಂಚೆ ತಾವೇ ನಕ್ಕುಬಿಡುತ್ತಿದ್ದರು. ಕಿಟಕಿ ಹುಡುಗನೂ ಹಾಗೇ ನಗುತ್ತಿದ್ದ. ಮೂರು ಪುಸ್ತಕ ಬರೆದರೂ ಅದು ಅವಳಿಗೆ ಹೊಳೆದಿರಲಿಲ್ಲ. ಕಂಡರಿಯದ ಪ್ರೇಮವಲ್ಲ ಅವಳು ಬರೆದದ್ದು, ದಿನವೂ ಕಣ್ಣೆದುರಿಗೇ ಇದ್ದದ್ದು.

"ಮೊದಲೇ ಹೇಳ್ಬಾರ್ದಿತ್ತಾ ಅಕ್ಕಾ."

"ಹೇಳಿದ್ರೆ ನೀನು ಹೆದರ್ಕೊಂಡು ಬರೆಯೋದು ಬಿಟ್ಬಿಡ್ತಿದ್ದೆ. ನಿನ್ನ ಪುಕ್ಕಲುತನ ನನಗೆ ಗೊತ್ತಿಲ್ವಾ? ವಾರಕ್ಕೊಂದ್ಸಲ ಬರ್ತಾರಲ್ಲ, ಬರ್ಲಿ ಅಂತ ಸುಮ್ಮನಿದ್ದೆ." ಅಕ್ಕ ಸೋಪಿನ ಡಬ್ಬದ ಮುಚ್ಚಳವನ್ನು ಉಗುರಿನಿಂದ ಕೆರೆಯತೊಡಗಿದಳು. "ಅವರು ಹೋದ ದಿನಾನೂ ನಾನು ಇಸ್ತ್ರಿ ಮಾಡ್ತಾ ಇದ್ದೆ. ಎರಡು ಸಲ ತಟ್ಟಿದ್ದು ಕೇಳಿಸ್ತು. ಸಂಜೆ ಬರ್ತಾರಲ್ಲ ಅಂತ ತಲೆ ಎತ್ತಿ ನೋಡ್ಲಿಲ್ಲ. ಆಮೇಲೆ ಆಸ್ಪತ್ರೆಯವರು ಫೋನ್ ಮಾಡಿದ್ರು. ಇವತ್ತು ನೀನು ಅದನ್ನೇ ಓದಿದೆ. ಯಾರೂ ಹೇಳದೆ ನಿನಗೆ ಹೇಗೆ ಗೊತ್ತಾಯ್ತೋ."

ಪುಟ್ಟಿ ಅಕ್ಕನ ಮಂಡಿ ಹಿಡಿದುಕೊಂಡಳು. "ಮುಗಿಸೋದು ಬೇಡ. ನಾಲ್ಕನೇದು ಬರೀತೀನಿ, ಹತ್ತನೇದೂ ಬರೀತೀನಿ. ಅವನು ಗ್ರಂಥಾಲಯದಲ್ಲೇ ಇರ್ಲಿ. ಸಂಪಾದಕಿ ಕೇಳಿದ್ರೆ ಏನಾದ್ರೂ ಹೇಳ್ತೀನಿ."

ಬೇಕು ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದದ್ದು ಪುಟ್ಟಿಗೆ ಕಂಡಿತು. ಅದನ್ನು ನುಂಗಿಕೊಂಡದ್ದೂ ಕಂಡಿತು.

"ಬೇಡ," ಅಂದಳು ಕಡೆಗೆ. "ಆ ಹುಡುಗಿಗೆ ಹದಿನೇಳಾಯ್ತು. ಅವಳ ಓರಗೆಯವರೆಲ್ಲ ಕಾಲೇಜು ಸೇರಿದ್ರು. ಇನ್ನೂ ಎಷ್ಟು ದಿನ ಆ ಧೂಳಲ್ಲಿ ಕೂತಿರ್ತಾಳೆ, ಪಾಪ? ಅವನನ್ನ ಹೋಗೋಕೆ ಬಿಡು. ಅವಳಿಗೆ ಒಂದ್ಸಲ ನೋಡೋಕೆ ಮಾತ್ರ ಬಿಡು."

ಪುಟ್ಟಿ ಕೋಟುಗಳ ನಡುವಿನ ತನ್ನ ಮೇಜಿಗೆ ಹೋದಳು. ಬದಲಾಯಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಆದರೂ ಒಂದೊಂದು ಸಾಲಿಗೂ ಹೆಣಗಾಡಿದಳು, ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಜಾಸ್ತಿ. ಹಿಂದೆಲ್ಲ ಅವನು ತಾನಾಗಿ ತಲೆಗೆ ಬರುತ್ತಿದ್ದ. ಈಗ ಯಾರೆಂದು ಗೊತ್ತಾದ ಮೇಲೆ ಕರೆದರೂ ಬರಲಿಲ್ಲ. ಭಾವನ ಮುಖ ನೆನಪಿಗೆ ತಂದುಕೊಳ್ಳಲು ಹೋದಾಗ ಮೊದಲು ಬಂದದ್ದು ಅವರ ನಗು. ಆಮೇಲೆ ಬರವಣಿಗೆ ಸಾಗಿತು.

ಅವಳು ಹಾಳೆ ಹಿಡಿದು ಹೊರಗೆ ಬಂದಾಗ ಬೀದಿಗೆ ಇಳಿಬಿಸಿಲು ಬಿದ್ದಿತ್ತು. ಅಕ್ಕ ವಕೀಲರ ಅಂಗಿಗೆ ನೀರು ಚಿಮುಕಿಸಿ ಹರಡಿದ್ದಳು. ತಾನೇ ಬಗ್ಗಿ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿದಳು. ಅದು ಕಾದ ಮೇಲೆ ಬೆರಳಿಗೆ ನೀರು ಮಾಡಿಕೊಂಡು ಪೆಟ್ಟಿಗೆಯ ತಳಕ್ಕೆ ತಾಗಿಸಿದಳು, ಚುಂಯ್ ಎಂದಿತು.

"ಓದು."

ಪುಟ್ಟಿ ಓದಿದಳು. ಹುಡುಗಿ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದಾಳೆ. ಇಸ್ತ್ರಿಪೆಟ್ಟಿಗೆ ತೋಳಿನ ಮೇಲೆ ಓಡುತ್ತಿತ್ತು. ಹುಡುಗಿಗೆ ಯಾಕೋ ಕೈ ಸೋತ ಹಾಗಾಗುತ್ತದೆ, ಅಂಟಿನ ಬಾಟಲಿಯನ್ನು ಪಕ್ಕಕ್ಕಿಡುತ್ತಾಳೆ. ಇಸ್ತ್ರಿಪೆಟ್ಟಿಗೆ ನಿಧಾನವಾಯಿತು. ಅವಳು ತಲೆ ಎತ್ತುತ್ತಾಳೆ. ಅವನು ಇನ್ನೂ ಬಾಗಿಲಲ್ಲೇ ಇದ್ದಾನೆ. ಒಂದು ತೋಳು ಮಡಚಿದೆ, ಒಂದು ಇಳಿಬಿದ್ದಿದೆ. ಏನೋ ಹಾಸ್ಯ ಹೇಳಲು ಹೊರಟವನ ಹಾಗೆ ಮೊದಲೇ ನಗುತ್ತಾನೆ. ಹಾಸ್ಯ ಹೇಳುವುದಿಲ್ಲ. ಚೌಕಟ್ಟನ್ನು ಎರಡು ಸಲ ತಟ್ಟುತ್ತಾನೆ. ಅವನ ಬೆನ್ನು ಬೀದಿಯ ತಿರುವಿನವರೆಗೂ ಅವಳಿಗೆ ಕಾಣುತ್ತದೆ. ಅವಳು ಕೊನೆಯವರೆಗೂ ನೋಡುತ್ತಾಳೆ.

ಓದಿ ಮುಗಿದಾಗ ಅಂಗಡಿಯಲ್ಲಿ ಸದ್ದಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ಎತ್ತಿ ನಿಲ್ಲಿಸಿ, ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ, ಬಾಗಿಲಾಚೆಯ ಬೀದಿಯನ್ನು ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲು ಹೋಗಲಿಲ್ಲ. ಪುಟ್ಟಿ ಪೆನ್ಸಿಲು ಹಿಡಿದು ಕಾದಳು.

"ನೋಡ್ದೆ ಪುಟ್ಟಿ," ಅಂದಳು ಅಕ್ಕ. "ಹೋಗಿದ್ದನ್ನ ನೋಡ್ದೆ."

ಪುಟ್ಟಿ ಚುಕ್ಕಿ ಇಟ್ಟಳು. ಕೈ ಎಲ್ಲಿ ಇಟ್ಟಿತೋ ಅವಳಿಗೇ ಸರಿಯಾಗಿ ಕಾಣಿಸಲಿಲ್ಲ.

ಅಕ್ಕ ಮತ್ತೆ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು. ವಕೀಲರ ಅಂಗಿಯ ಕಾಲರನ್ನು ಎಳೆದು ಹಿಡಿದು ತೀಡತೊಡಗಿದಳು. ಬಿಸಿ ಬಟ್ಟೆಯ ವಾಸನೆ ಎದ್ದಿತು, ಸುಕ್ಕುಗಳು ಒಂದೊಂದಾಗಿ ಹೋದವು.

"ಸಂಪಾದಕಿಗೆ ಇವತ್ತೇ ಕಳಿಸು. ಜೀವ ಬರ್ಲಿ ಅಂತ ಗಲಾಟೆ ಮಾಡಿದ್ರೆ ಫೋನ್ ನನಗೆ ಕೊಡು, ನಾನು ಮಾತಾಡ್ತೀನಿ."

"ಸರಿ."

"ಮುಂದಿನ ಪುಸ್ತಕದ ದೆವ್ವ ಯಾರು?"

"ಇನ್ನೂ ಯಾರೂ ಬಂದಿಲ್ಲ ಅಕ್ಕಾ."

ಅಕ್ಕ ಅಂಗಿಯನ್ನು ತಿರುವಿ ಹಾಕಿ, ಬೆನ್ನಿನ ಮೇಲೆ ಉದ್ದಕ್ಕೂ ಒಂದು ಸಲ ಎಳೆದಳು.

"ಯಾರಾದ್ರೂ ಬರ್ಲಿ. ಈ ಸಲ ಎರಡೂ ತೋಳು ಮಡಚೋನಾಗಿರ್ಲಿ, ಅಂಗಿ ಸುಡದೆ ನನ್ನ ಕೆಲಸ ಆಗ್ಬೇಕು."